ಮುಪ್ಪು ಮತ್ತು ಜಠರದ ಒಳಪೊರೆ

(ಸಂಘದ ಹಿರಿಯ ಸದಸ್ಯರ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಾಠ)



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಸಭೆಯಲ್ಲಿ ಹೊಟ್ಟೆಯ ಬಗೆಗೆ ಮಾತನಾಡುವುದು ಅಪ್ರಸ್ತುತವೇನೂ ಆಗಲಾರದು. ಹೃದಯ, ಮಧುಮೇಹ, ರಕ್ತದೊತ್ತಡ ಇವುಗಳನ್ನು ಕುರಿತು ಈ ವೇದಿಕೆಯಿಂದ ಹಲವು ಉಪನ್ಯಾಸಗಳು ನಡೆದಿವೆ. ಜಠರಕ್ಕೆ ಆ ಮರ್ಯಾದೆ ಇನ್ನೂ ದೊರೆತಿಲ್ಲ. ಹೊಟ್ಟೆಯ ವಿಷಯದಲ್ಲಿ ನಮ್ಮಲ್ಲಿ ಪ್ರತಿಯೊಬ್ಬರೂ ಅರ್ಧ ವೈದ್ಯರಾಗಿರುವುದೇ ಅದಕ್ಕೆ ಕಾರಣವಿರಬೇಕು. 'ಗ್ಯಾಸು' ಎಂಬ ಒಂದೇ ಶಬ್ದದೊಳಗೆ ಸಕಲ ಬಾಧೆಗಳನ್ನೂ ತುಂಬಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಿ ನಾವು ನಿಶ್ಚಿಂತರಾಗುತ್ತೇವೆ. ಆ ನಿಶ್ಚಿಂತೆಯನ್ನು ಸ್ವಲ್ಪ ಕದಡುವುದು ನನ್ನ ಇಂದಿನ ಉದ್ದೇಶ.

ಹೇಳಬೇಕಾದುದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಮಾತ್ರಕ್ಕೆ ಜಠರದಲ್ಲಿ ಆಮ್ಲ ಹೆಚ್ಚುವುದಿಲ್ಲ. ಆ ಆಮ್ಲವನ್ನು ತಡೆದು ನಿಲ್ಲಿಸುವ ಗೋಡೆ ಸವೆಯುತ್ತದೆ. ಸವೆದ ಗೋಡೆ ಒಡೆದಾಗ ನೋವಿನ ಮೂಲಕ ನಮಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಮಂದವಾಗುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಅಪಾಯಕ್ಕೆ ಈಡಾಗುವುದು ಈ ಎರಡನೆಯ ಕಾರಣದಿಂದ.

ಈ ಗೋಡೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಜಠರವು ಸ್ರವಿಸುವ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರೊಡನೆ ಮಾಂಸವನ್ನು ಕರಗಿಸಬಲ್ಲ ಪೆಪ್ಸಿನ್ ಎಂಬ ಕಿಣ್ವವೂ ಇರುತ್ತದೆ. ಕುರಿಯ ಮಾಂಸವನ್ನು ಅರಗಿಸುವ ಈ ರಸ, ಅದೇ ಮಾಂಸದಿಂದಾದ ತನ್ನ ಚೀಲವನ್ನೇ ಏಕೆ ಅರಗಿಸಿಬಿಡುವುದಿಲ್ಲ? ಶರೀರಶಾಸ್ತ್ರಜ್ಞರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಉತ್ತರ ಹಲವು ಪದರಗಳಲ್ಲಿದೆ. ಎಲ್ಲಕ್ಕೂ ಮೇಲೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಲೋಳೆಯ ಹೊದಿಕೆಯಿದೆ. ಕೆಳಗಿನ ಜೀವಕೋಶಗಳು ಆ ಲೋಳೆಯೊಳಗೆ ಬೈಕಾರ್ಬೊನೇಟನ್ನು, ಎಂದರೆ ನಮ್ಮ ಅಡುಗೆ ಸೋಡದಲ್ಲಿರುವ ಕ್ಷಾರಾಂಶವನ್ನೇ, ಸುರಿಸುತ್ತಿರುತ್ತವೆ. ಆದುದರಿಂದ ಜಠರದ ನಡುವೆ ಆಮ್ಲದ ಅಳತೆ 2 ಇದ್ದರೂ ಲೋಳೆಯ ಅಡಿಯಲ್ಲಿ ಅದು 7ರ ಹತ್ತಿರ, ಹೆಚ್ಚುಕಡಮೆ ಶುದ್ಧ ನೀರಿನಂತೆ, ಇರುತ್ತದೆ. ಈ ಅಳತೆಯಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಕೂದಲೆಳೆಯಷ್ಟು ದೂರದಲ್ಲಿ ಲಕ್ಷ ಪಟ್ಟು ಅಂತರವನ್ನು ಹಗಲಿರುಳೂ ಕಾಯ್ದುಕೊಳ್ಳುವುದು ಸಾಮಾನ್ಯ ಕೆಲಸವಲ್ಲ.

ಲೋಳೆಯ ಕೆಳಗೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಜೀವಕೋಶಗಳ ಸಾಲಿದೆ. ಇವು ದೀರ್ಘಾಯುಗಳಲ್ಲ, ಒಂದು ವಾರದೊಳಗೆ ಹಳೆಯವು ಉದುರಿ ಹೊಸವು ಬರುತ್ತವೆ. ಎಲ್ಲಿಯಾದರೂ ಸಣ್ಣ ಗೀರು ಬಿದ್ದರೆ ಅಕ್ಕಪಕ್ಕದ ಕೋಶಗಳು ಚಪ್ಪಟೆಯಾಗಿ ಜಾರಿ ಬಂದು ಕೆಲವೇ ಗಂಟೆಗಳಲ್ಲಿ ಅದನ್ನು ಮುಚ್ಚಿಬಿಡುತ್ತವೆ. ಇವೆಲ್ಲಕ್ಕೂ ಆಧಾರ ಅಡಿಯ ರಕ್ತನಾಳಗಳ ಜಾಲ. ಅದು ಆಮ್ಲಜನಕವನ್ನು ತರುತ್ತದೆ, ಒಳಗೆ ನುಸುಳಿದ ಆಮ್ಲವನ್ನು ತೊಳೆದೊಯ್ಯುತ್ತದೆ. ಆಮ್ಲ ಒಳನುಗ್ಗಿತೆಂದು ತಿಳಿದೊಡನೆ ರಕ್ತನಾಳಗಳನ್ನು ಹಿಗ್ಗಿಸುವಂತೆ ಸೂಚನೆ ಕೊಡುವ ಸಂವೇದನಾ ನರಗಳೂ ಇಲ್ಲಿವೆ. ಲೋಳೆ, ಕ್ಷಾರ, ರಕ್ತಸಂಚಾರ ಇವನ್ನೆಲ್ಲ ಹುರಿದುಂಬಿಸುವ ರಾಸಾಯನಿಕಗಳಿಗೆ ಪ್ರೋಸ್ಟಾಗ್ಲಾಂಡಿನ್ ಎಂದು ಹೆಸರು. ಹೆಸರು ಕಠಿಣವಾದರೂ ಇದೊಂದನ್ನು ದಯವಿಟ್ಟು ನೆನಪಿಡಿ; ಮುಂದೆ ಬೇಕಾಗುತ್ತದೆ.

ಮುಪ್ಪು ಈ ಪ್ರತಿಯೊಂದು ಪದರವನ್ನೂ ಮುಟ್ಟುತ್ತದೆ. ಜಠರ ಮತ್ತು ಅದರ ಮುಂದಿನ ಸಣ್ಣ ಕರುಳಿನ ಒಳಪೊರೆಯಲ್ಲಿ ಪ್ರೋಸ್ಟಾಗ್ಲಾಂಡಿನ್ ಪ್ರಮಾಣವು ವಯಸ್ಸಿನೊಂದಿಗೆ ಇಳಿಯುತ್ತದೆಂಬುದನ್ನು ಅಮೆರಿಕದ ಬೈರನ್ ಕ್ರೈಯರ್ ಮತ್ತು ಸಂಗಡಿಗರು 1992ರಲ್ಲಿ ಮನುಷ್ಯರಲ್ಲಿಯೇ ಅಳೆದು ತೋರಿಸಿದರು. 1990ರ ದಶಕದಲ್ಲಿಯೇ ಗ್ರೋನ್‌ಬೆಕ್ ಮತ್ತು ಲೇಸಿ ಎಂಬ ವಿಜ್ಞಾನಿಗಳು ಮುದಿ ಇಲಿಗಳ ಜಠರವನ್ನು ಪರೀಕ್ಷಿಸಿದಾಗ, ಆಮ್ಲದ ದಾಳಿಗೆ ಉತ್ತರವಾಗಿ ಏರಬೇಕಾದ ರಕ್ತಸಂಚಾರ ಸರಿಯಾಗಿ ಏರದಿರುವುದು, ಗೀರನ್ನು ಮುಚ್ಚುವ ಕೆಲಸವೂ ತಡವಾಗುವುದು ಕಂಡಿತು. ಕ್ಯಾಲಿಫೋರ್ನಿಯದ ತಾರ್ನಾವ್‌ಸ್ಕಿ, ಅಮೃತಾ ಅಹ್ಲುವಾಲಿಯಾ ಮೊದಲಾದವರು ಇದನ್ನು ಇನ್ನೂ ಆಳಕ್ಕೆ ಒಯ್ದರು. ಮುಪ್ಪಿನ ಜಠರದಲ್ಲಿ ಗ್ರಂಥಿಗಳು ಕುಗ್ಗಿ ಅವುಗಳ ಜಾಗವನ್ನು ನಾರಿನಂಥ ಅಂಗಾಂಶ ಆಕ್ರಮಿಸುತ್ತದೆ. ರಕ್ತ ಕಡಮೆಯಾಗಿ ಒಳಪೊರೆ ಆಮ್ಲಜನಕದ ಕೊರತೆಯಲ್ಲಿಯೇ ಬದುಕುತ್ತದೆ. ಜೀವಕೋಶವನ್ನು ಉಳಿಸುವ ಸರ್ವೈವಿನ್ ಎಂಬ ಪ್ರೋಟೀನು ಇಳಿದು, ಕೋಶವು ತಾನಾಗಿ ಸಾಯುವ ಪ್ರಕ್ರಿಯೆಗೆ ಬಲ ಬರುತ್ತದೆ. ಹೊಸ ರಕ್ತನಾಳಗಳು ಹುಟ್ಟುವುದೂ ನಿಧಾನ. ಹೀಗಾಗಿ ಯೌವನದ ಜಠರಕ್ಕೆ ತಗುಲಿದಷ್ಟೇ ಪೆಟ್ಟು ಮುಪ್ಪಿನ ಜಠರಕ್ಕೆ ತಗುಲಿದರೆ ಗಾಯ ದೊಡ್ಡದಾಗುತ್ತದೆ, ಮಾಯುವುದು ತಡವಾಗುತ್ತದೆ. ಹೊರಗೆ ಯಾವ ರೋಗವೂ ಇಲ್ಲದ, 'ನನಗೇನಾಗಿದೆ, ಕಲ್ಲು ಅರಗಿಸಿಕೊಳ್ಳುತ್ತೇನೆ' ಎನ್ನುವ ಎಪ್ಪತ್ತರ ಯಜಮಾನರ ಜಠರಕ್ಕೂ ಈ ಮಾತು ಅನ್ವಯಿಸುತ್ತದೆ.

ಇನ್ನು ಆಮ್ಲದ ವಿಚಾರ. ವಯಸ್ಸಾದವರಲ್ಲಿ ಕೆಲವರಿಗೆ ಅದು ಹಾಗೆಯೇ ಉಳಿಯುತ್ತದೆ, ಕೆಲವರಿಗೆ ಕಡಮೆಯೂ ಆಗುತ್ತದೆ. ಕಡಮೆಯಾಗುವುದು ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವಿನಿಂದ ದಶಕಗಳ ಕಾಲ ಉರಿಯೂತಕ್ಕೆ ಒಳಗಾಗಿ ಗ್ರಂಥಿಗಳು ನಶಿಸಿದ ಜಠರಗಳಲ್ಲಿ. ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1980ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಸೂಕ್ಷ್ಮಾಣುಗಳನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸಾಮಾನ್ಯವಾಗಿ ಈ ಸೋಂಕು ತಗುಲುವುದು ಬಾಲ್ಯದಲ್ಲಿ, ಹೆಚ್ಚಾಗಿ ಮನೆಯವರಿಂದಲೇ; ಚಿಕಿತ್ಸೆಯಾಗದಿದ್ದರೆ ಜೀವಮಾನವಿಡೀ ಉಳಿಯುತ್ತದೆ. ನಮ್ಮಲ್ಲಿ ಅನೇಕರು ಊರಿನ ಮನೆ, ಗದ್ದೆ, ಭಾಷೆಯ ಒಂದಷ್ಟನ್ನು ಕಳೆದುಕೊಂಡಿರಬಹುದು. ಊರಿನಿಂದ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಈ ಅತಿಥಿಯನ್ನು ಮಾತ್ರ ಐವತ್ತು ವರ್ಷದಿಂದ ಸಾಕುತ್ತಿದ್ದೇವೆ.

ಗ್ರಂಥಿಗಳು ನಶಿಸಿದ ಜಠರದಲ್ಲಿ ಬಿ-12 ಜೀವಸತ್ತ್ವ ಹೀರಿಕೆಯಾಗುವುದೂ ಕಷ್ಟವಾಗುತ್ತದೆ. ಸಸ್ಯಾಹಾರಿಗಳಿಗೆ ಆ ಜೀವಸತ್ತ್ವ ದೊರೆಯುವುದೇ ಹಾಲು ಮೊಸರಿನಲ್ಲಿ ಅಷ್ಟಿಷ್ಟು. ಪಾದಗಳಲ್ಲಿ ಜೋಮು, ಮರೆವು, ಆಯಾಸ ಇವನ್ನು 'ವಯಸ್ಸಾಯಿತಲ್ಲ' ಎಂದು ತಳ್ಳಿಹಾಕುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಈಗ ಪೆಟ್ಟು ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದಕ್ಕೆ ಬರುತ್ತೇನೆ. ಖಾರ, ಹುಳಿ, ಕರಿದ ತಿಂಡಿ, ಕಾಫಿ ಎಂದು ಎಲ್ಲರೂ ಬೆರಳು ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಹಿರಿಯರ ಜಠರದ ದೊಡ್ಡ ವೈರಿ ಅಡುಗೆಮನೆಯಲ್ಲಿಲ್ಲ, ಔಷಧದ ಡಬ್ಬಿಯಲ್ಲಿದೆ. ಮಂಡಿನೋವಿಗೆ ಡೈಕ್ಲೋಫಿನ್ಯಾಕ್, ಸೊಂಟನೋವಿಗೆ ಐಬುಪ್ರೊಫೆನ್, ಮೈಕೈ ನೋವಿಗೆ ನಿಮೆಸುಲೈಡ್, ಹೃದಯದ ಹೆಸರಿನಲ್ಲಿ ದಿನಾ ಒಂದು ಆಸ್ಪಿರಿನ್. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಒಂದು ಸಂಗತಿಯನ್ನು ಕಂಡುಹಿಡಿದು ಅದಕ್ಕಾಗಿ 1982ರ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು: ಆಸ್ಪಿರಿನ್ ಬಳಗದ ಮದ್ದುಗಳು ನೋವನ್ನು ತಗ್ಗಿಸುವುದು ಪ್ರೋಸ್ಟಾಗ್ಲಾಂಡಿನ್‌ಗಳ ಉತ್ಪಾದನೆಯನ್ನು ನಿಲ್ಲಿಸುವುದರ ಮೂಲಕ. ಮಂಡಿಯಲ್ಲಿ ನೋವುಂಟುಮಾಡುವ ಪ್ರೋಸ್ಟಾಗ್ಲಾಂಡಿನ್ ನಿಂತರೆ ಹಿತ. ಜಠರವನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್ ಕೂಡ ಅದೇ ಮಾತ್ರೆಯಿಂದ ನಿಲ್ಲುತ್ತದೆ. ಮುಪ್ಪಿನಿಂದ ಮೊದಲೇ ಬಡವಾದ ಖಜಾನೆಯನ್ನು ನಾವು ಕೈಯಾರೆ ಬರಿದುಮಾಡುತ್ತೇವೆ.

'ಮಾತ್ರೆ ಬೇಡ ಡಾಕ್ಟರೇ, ಸೂಜಿ ಹಾಕಿಬಿಡಿ, ಹೊಟ್ಟೆಗೆ ತೊಂದರೆಯಾಗಬಾರದು' ಎನ್ನುವವರು ಬಹಳ ಮಂದಿ. ಸೂಜಿಯಿಂದ ಹೋದ ಮದ್ದೂ ರಕ್ತದ ಮೂಲಕ ಜಠರವನ್ನು ತಲುಪಿ ಅದೇ ಕೆಲಸ ಮಾಡುತ್ತದೆ. ಕರುಳಿನಲ್ಲಿ ಕರಗುವಂತೆ ಲೇಪಕೊಟ್ಟ ಆಸ್ಪಿರಿನ್ ಕೂಡ ಈ ಅಪಾಯದಿಂದ ಪಾರುಮಾಡುವುದಿಲ್ಲ. ಎರಡು ನೋವುಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಂಡರೆ, ಅಥವಾ ಅವುಗಳ ಜೊತೆಗೆ ಸ್ಟಿರಾಯ್ಡ್, ರಕ್ತ ತೆಳುಮಾಡುವ ಮದ್ದು, ಖಿನ್ನತೆಯ ಕೆಲವು ಮದ್ದುಗಳು ಸೇರಿಕೊಂಡರೆ, ರಕ್ತಸ್ರಾವದ ಸಾಧ್ಯತೆ ಇನ್ನಷ್ಟು ಏರುತ್ತದೆ. 'ಗಿಡಮೂಲಿಕೆ' ಎಂಬ ಹೆಸರಿನಲ್ಲಿ ಮಾರುವ ಸಂಧಿವಾತದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ಪತ್ತೆಯಾದದ್ದುಂಟು. ಪುಡಿಯ ಪೊಟ್ಟಣದ ಮೇಲೆ ಅದನ್ನು ಯಾರೂ ಬರೆಯುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ರಾಜಕೀಯವನ್ನೂ ಆಡಬೇಕಾಗುತ್ತದೆ. ಡೈಕ್ಲೋಫಿನ್ಯಾಕ್ ನಮ್ಮ ಕಾನೂನಿನ ಪ್ರಕಾರ ಷೆಡ್ಯೂಲ್ ಎಚ್‌ಗೆ ಸೇರಿದ್ದು. ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಆದರೆ ನಿಮ್ಮಲ್ಲಿ ಎಷ್ಟು ಮಂದಿಯನ್ನು ಔಷಧದಂಗಡಿಯವನು ಚೀಟಿ ಕೇಳಿದ್ದಾನೆ? ಇದೇ ಮದ್ದನ್ನು ದನಗಳಿಗೆ ಕೊಟ್ಟು, ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ನಾಶವಾಗುತ್ತಿವೆಯೆಂದು ತಿಳಿದಾಗ, ಭಾರತ ಸರ್ಕಾರ 2006ರಲ್ಲಿ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಒಳ್ಳೆಯ ನಿರ್ಧಾರವೇ. ಹದ್ದಿಗೆ ದೊರೆತ ಕಾಳಜಿಯ ಒಂದಂಶ ಮುದುಕರಿಗೂ ದೊರೆಯಲೆಂದು ಆಶಿಸಿದರೆ ತಪ್ಪೇನು? 2006ರಲ್ಲಿಯೇ ಕರ್ನಾಟಕದ ಜಿಲ್ಲೆಗಳಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿದ ಹಿರಿಯರು ಇಂಥ ಮಾತ್ರೆಗಳನ್ನು ಅಂಗಡಿಯಿಂದಲೇ ತಂದು ನುಂಗಿದರು. ಕೆಲವರಿಗೆ ಅದೇ ರೂಢಿಯಾಗಿ ಉಳಿಯಿತು.

ಆಸ್ಪಿರಿನ್ ವಿಷಯದಲ್ಲಿ ಒಂದು ಮಾತನ್ನು ಬಹಳ ಎಚ್ಚರದಿಂದ ಹೇಳಬೇಕು. ಹೃದಯಾಘಾತ ಆದವರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೇಬಾರದು. ಅವರಿಗೆ ಅದು ಜೀವರಕ್ಷಕ. ನಾನು ಹೇಳುತ್ತಿರುವುದು ಯಾವ ಹೃದ್ರೋಗವೂ ಇಲ್ಲದೆ 'ಮುಂಜಾಗ್ರತೆಗೆ ಇರಲಿ' ಎಂದು ನುಂಗುವವರಿಗೆ. ಆಸ್ಟ್ರೇಲಿಯ ಮತ್ತು ಅಮೆರಿಕದ ಸುಮಾರು 19,000 ಆರೋಗ್ಯವಂತ ವೃದ್ಧರ ಮೇಲೆ ನಡೆದ 'ಆಸ್ಪ್ರೀ' ಎಂಬ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದಿನಾ 100 ಮಿಲಿಗ್ರಾಂ ಆಸ್ಪಿರಿನ್ ಅವರ ಆರೋಗ್ಯವಂತ ಬದುಕನ್ನು ಹೆಚ್ಚಿಸಲಿಲ್ಲ. ದೊಡ್ಡ ರಕ್ತಸ್ರಾವಗಳನ್ನು ಮಾತ್ರ ಹೆಚ್ಚಿಸಿತು. ಆಸ್ಪಿರಿನ್ ಬೇಕೇಬೇಕಾದವರಿಗೂ ದಾರಿಯಿದೆ. ಬ್ರಿಟನ್ನಿನಲ್ಲಿ 60 ದಾಟಿದ ಆಸ್ಪಿರಿನ್ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೈಲೋರಿ ಸೋಂಕನ್ನು ಪತ್ತೆಹಚ್ಚಿ ನಿರ್ಮೂಲ ಮಾಡಿದವರಿಗೆ ಮೊದಲ ಎರಡೂವರೆ ವರ್ಷಗಳಲ್ಲಿ ಹುಣ್ಣಿನ ರಕ್ತಸ್ರಾವ ಕಡಮೆಯಾಯಿತು. ಆ ಬಳಿಕ ಆ ಲಾಭ ಉಳಿಯಲಿಲ್ಲ. ಆಮ್ಲವನ್ನು ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮದ್ದನ್ನು ಜೊತೆಗೆ ಕೊಡುವುದೂ ಇಂಥವರಿಗೆ ಯುಕ್ತ. ಅದೇ ಮಾತ್ರೆಯನ್ನು ಯಾವ ಕಾರಣವೂ ಇಲ್ಲದೆ 'ಗ್ಯಾಸಿಗೆ' ಎಂದು ವರ್ಷಗಟ್ಟಲೆ ನುಂಗುವುದು ಬೇರೆ ವಿಚಾರ.

ನೋವಿಗೆ ಏನು ಮಾಡಬೇಕೆಂದು ನೀವು ಕೇಳುವುದು ನ್ಯಾಯ. ಪ್ಯಾರಾಸಿಟಮಾಲ್ ಮಿತಿಯೊಳಗೆ ಜಠರಕ್ಕೆ ಸೌಮ್ಯ. ಯಕೃತ್ತಿನ ತೊಂದರೆಯಿರುವವರು, ಮದ್ಯಪಾನ ಮಾಡುವವರು ಕೇಳಿಯೇ ತೆಗೆದುಕೊಳ್ಳಬೇಕು. ಮಂಡಿಗೆ ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವ ಮದ್ದು ಅತ್ಯಲ್ಪ. ಶಾಖ, ವ್ಯಾಯಾಮ, ಊರುಗೋಲು ಇವುಗಳನ್ನು ಯಾರೂ ಜಾಹೀರಾತು ಮಾಡುವುದಿಲ್ಲವಾದ್ದರಿಂದ ನಾವು ಮರೆಯುತ್ತೇವೆ.

ಖಾರದ ಬಗ್ಗೆ ಹೇಳದಿದ್ದರೆ ಉತ್ತರ ಕರ್ನಾಟಕದ ಬಂಧುಗಳು ನನ್ನನ್ನು ಬಿಡಲಾರರು. 1995ರಲ್ಲಿ ಸಿಂಗಪುರದ ಸಂಶೋಧಕರು ಆರೋಗ್ಯವಂತರಿಗೆ ಆಸ್ಪಿರಿನ್ ಕೊಡುವ ಮುನ್ನ ಮೆಣಸಿನಪುಡಿ ಕೊಟ್ಟು ನೋಡಿದಾಗ ಜಠರದ ಗಾಯಗಳು ಕಡಮೆಯಾಗಿದ್ದವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮಿತಿಯಲ್ಲಿದ್ದರೆ ನಾನು ಮೊದಲು ಹೇಳಿದ ಸಂವೇದನಾ ನರಗಳನ್ನು ಎಚ್ಚರಿಸಿ ರಕ್ತಸಂಚಾರ ಏರಿಸುತ್ತದೆಂಬುದು ಇದಕ್ಕೆ ಕೊಡುವ ವಿವರಣೆ. ಆದರೆ ಮುಪ್ಪಿನಲ್ಲಿ ಮಂಕಾಗುವುದು ಆ ನರಗಳೇ. ಆದ್ದರಿಂದ ಬ್ಯಾಡಗಿ ಮೆಣಸಿನಕಾಯಿಯನ್ನು ಔಷಧವೆಂದು ಭಾವಿಸಬೇಡಿ, ವಿಷವೆಂದೂ ಭಾವಿಸಬೇಡಿ; ಎದೆಯುರಿ ಬರದಷ್ಟು ತಿನ್ನಿ. ಆಹಾರದ ವಿಚಾರದಲ್ಲಿ ಮೈಸೂರಿಗೇ ಸಂಬಂಧಿಸಿದ ಒಂದು ಹಳೆಯ ಶೋಧವೂ ಇದೆ. 1950-60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಾವು ಮಿಷನ್ ಆಸ್ಪತ್ರೆ ಎನ್ನುವಲ್ಲಿ, ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಗೋಧಿ ಉಣ್ಣುವ ಉತ್ತರಕ್ಕಿಂತ ಹೆಚ್ಚೆಂದು ಗಮನಿಸಿ ಬಹುಕಾಲ ಅದರ ಬೆನ್ನುಹತ್ತಿದರು. ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರಾ ಅವರೂ ರೈಲ್ವೆ ನೌಕರರಲ್ಲಿ ಇದನ್ನೇ ಕಂಡರು. ಸೂಕ್ಷ್ಮಾಣುವಿನ ಶೋಧದ ಬಳಿಕ ಆ ಚರ್ಚೆ ಹಿಂದೆ ಸರಿಯಿತು. ಮುಪ್ಪಿನ ಪ್ರಶ್ನೆ ಅವರದಾಗಿರಲಿಲ್ಲ. ಆದರೂ ನಮ್ಮ ನೆಲದ ಜನರ ಹೊಟ್ಟೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರನ್ನು ಸ್ಮರಿಸದೆ ಮುಂದೆ ಹೋಗಲಾರೆ.

ಇನ್ನು ಮೌನದ ಸಂಗತಿ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡೇಟು ಬಿದ್ದು, ಜಠರಕ್ಕೆ ಹೊರಗಿನಿಂದ ತೆರೆದ ಕಿಂಡಿಯೊಂದು ಶಾಶ್ವತವಾಗಿ ಉಳಿಯಿತು. ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ಆ ಕಿಂಡಿಯ ಮೂಲಕ ವರ್ಷಗಳ ಕಾಲ ಒಳಗೆ ಇಣುಕಿ 1833ರಲ್ಲಿ ಪುಸ್ತಕ ಬರೆದ. ಮದ್ಯ ಸೇವಿಸಿದ ದಿನಗಳಲ್ಲಿ ಒಳಪೊರೆ ಕೆಂಪೇರಿ ಅಲ್ಲಲ್ಲಿ ಹುಣ್ಣಾಗಿದ್ದರೂ ಆ ಯುವಕನಿಗೆ ನೋವೇ ತಿಳಿಯುತ್ತಿರಲಿಲ್ಲವೆಂದು ಆತ ದಾಖಲಿಸಿದ. ಯುವಕನಲ್ಲಿಯೇ ಹೀಗಾದರೆ, ನರಗಳು ಮಂದವಾದ, ಮೇಲಾಗಿ ನೋವುಮಾತ್ರೆಯನ್ನೇ ನುಂಗುತ್ತಿರುವ ಹಿರಿಯರ ಪಾಡೇನು? ವೃದ್ಧರಲ್ಲಿ ಅನೇಕರಿಗೆ ಹುಣ್ಣಿನ ಮೊದಲ ಲಕ್ಷಣವೇ ರಕ್ತಸ್ರಾವ. ಡಾಂಬರಿನಂತೆ ಕಪ್ಪಾದ, ಅಂಟಂಟಾದ, ದುರ್ನಾತದ ಮಲ, ಕಾಫಿ ಚರಟದಂಥ ವಾಂತಿ, ಎದ್ದು ನಿಂತಾಗ ಕಣ್ಣು ಕತ್ತಲೆ, ಕಾರಣವಿಲ್ಲದೆ ಏದುಸಿರು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ಸಂದೇಹವಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ನಮ್ಮಂಥ ಹೊರನಾಡಿಗರ ಮನೆಗಳಲ್ಲಿ ಈ ಮೌನಕ್ಕೆ ಇನ್ನೊಂದು ಮೌನ ಸೇರಿಕೊಳ್ಳುತ್ತದೆ. ಊರಿನ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದ ತಾಯಿಗೆ ಇಲ್ಲಿನ ವೈದ್ಯರ ಭಾಷೆ ಬಾರದು. 'ಹೊಟ್ಯಾಗ ಸಂಕಟ ಆಗ್ತದ' ಎಂದು ಆಕೆ ಅಂದದ್ದನ್ನು ಮಗ 'ಆಸಿಡಿಟಿ' ಎಂದು ಅನುವಾದಿಸುತ್ತಾನೆ. ಸಂಕಟದೊಳಗೆ ವಾಕರಿಕೆ, ನಿಶ್ಶಕ್ತಿ, ತಳಮಳ ಎಷ್ಟೆಷ್ಟಿತ್ತೋ, ಚೀಟಿಗೆ ಬಂದದ್ದು ಒಂದು ಮಾತ್ರೆಯ ಹೆಸರು ಮಾತ್ರ. ಮಲದ ಬಣ್ಣದ ಮಾತಂತೂ ಸೊಸೆಯ ಮುಂದೆಯೇ ಬಾಯಿಗೆ ಬರುವುದಿಲ್ಲ. ದುಭಾಷಿಯಾಗಿ ಬಂದವನು ಕನ್ನಡ ಅರ್ಧಂಬರ್ಧ ಬಲ್ಲ ಮೊಮ್ಮಗನಾದರೆ ಕೇಳುವುದೇ ಬೇಡ. 'ಊರಿನಲ್ಲಿ ಒಬ್ಬ ಡಾಕ್ಟರು ಕೊಟ್ಟದ್ದು' ಎಂದು ಸೆರಗಿನ ಗಂಟಿನಲ್ಲಿ ಉಳಿದ ಮಾತ್ರೆಗಳ ಸಂಗತಿ ಇಲ್ಲಿನ ವೈದ್ಯರಿಗೆ ತಿಳಿಯದೆ, ಅದೇ ಬಳಗದ ಇನ್ನೊಂದು ಮಾತ್ರೆ ಬೇರೆ ಹೆಸರಿನಲ್ಲಿ ಸೇರಿಕೊಳ್ಳುತ್ತದೆ. ಭಾಷೆಯ ಉಳಿವಿನ ಬಗ್ಗೆ ನಾವು ರಾಜ್ಯೋತ್ಸವದಂದು ಮಾಡುವ ಭಾಷಣಗಳಲ್ಲಿ ಈ ಪ್ರಸಂಗ ಬರುವುದಿಲ್ಲ. ಬರಬೇಕಿತ್ತು. ತನ್ನ ಹೊಟ್ಟೆಯ ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವ ಹಕ್ಕು ಸಾಹಿತ್ಯ ಸಮ್ಮೇಳನದ ನಿರ್ಣಯಗಳಿಗಿಂತ ಕಿರಿದಾದುದೆಂದು ನಾನು ಭಾವಿಸುವುದಿಲ್ಲ.

ಆದುದರಿಂದ ಕಾರ್ಯದರ್ಶಿಗಳ ಮುಂದೆ ಒಂದು ಸಣ್ಣ ಬೇಡಿಕೆಯಿಟ್ಟೆ; ಅವರು ಒಪ್ಪಿದ್ದಾರೆ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಕೂರುತ್ತೇನೆ. ಮನೆಯ ಹಿರಿಯರನ್ನು ಕರೆತನ್ನಿ. ಅವರು ನುಂಗುವ ಎಲ್ಲ ಮದ್ದುಗಳನ್ನೂ, ಅಲೋಪತಿ, ಆಯುರ್ವೇದ, ಸಂತೆಯಲ್ಲಿ ಕೊಂಡ ಪುಡಿ, ತಲೆದಿಂಬಿನ ಕೆಳಗಿನ ಪಟ್ಟಿ ಸಹಿತ, ಒಂದೇ ಚೀಲದಲ್ಲಿ ಹಾಕಿ ತನ್ನಿ. ಒಂದೊಂದನ್ನೇ ನೋಡಿ, ಅದು ಏನು, ಏತಕ್ಕೆ, ಎಷ್ಟು ದಿನ ಎಂದು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಬರೆದ ಕಾರ್ಡು ಮಾಡಿಕೊಡೋಣ. ಬರೆಯಲು ಅಕ್ಷರ ಚೆನ್ನಾಗಿರುವ ಇಬ್ಬರು ಯುವಕರು ಬೇಕು. ನನ್ನ ಕೈಬರಹದ ವಿಷಯ ನಿಮಗೆ ಗೊತ್ತೇ ಇದೆ. ಇನ್ನು ಪ್ರಶ್ನೆಗಳನ್ನು ಕೇಳಬಹುದು.